ಶುಕ್ರವಾರದ ಚೀಟಿ

ಪ್ರತಿ ಶುಕ್ರವಾರ ಬಾಗಿಲಿಗೆ ಅಂಟಿಸುತ್ತೇನೆ:
ಈ ವಾರ ಕಲಿತದ್ದು —
ಅಕ್ಷರ: ಎಞೆ. ಅಂಕಿ: ಏಳು. ಬಣ್ಣ: ಕಂದು.
ಬುಧವಾರ ಭೂಕಂಪದ ತಾಲೀಮು, ಸುಸೂತ್ರ.

ಚೀಟಿ ಅಂಗೈಯಗಲ. ಅದರಲ್ಲಿ ಹಿಡಿಸದ್ದು:
ಎನ್ನಿನ ತಲೆಗೊಂದು ಹುಬ್ಬು ತೀಡಿದರೆ
ಎಞೆ ಆಗುತ್ತದೆ ಅಂದದ್ದೇ ತಡ, ರಯೇನ್
ಗೋಡೆಯ ಅಕ್ಷರಗಳಿಗೆಲ್ಲ ಹುಬ್ಬು ಬರೆದಳು.
ಈಗ ಇಡೀ ವರ್ಣಮಾಲೆ ನಮ್ಮನ್ನೇ ನೋಡುತ್ತ
ಬೆರಗಾಗಿ ನಿಂತಿದೆ.

ಕಂದು ಅಂದರೆ ಆಲೂಗಡ್ಡೆ, ಎಂದೆ.
ಸಾಂತಿಯಾಗೋದಿಂದ ಬಂದವಳು ನಾನು;
ಚಿಲೋಯೆ ದ್ವೀಪದ ಮಕ್ಕಳು ನಕ್ಕುಬಿಟ್ಟರು.
ನೇರಳೆಯದೂ ಇದೆ ಟೀಚರ್, ಕಪ್ಪು, ಗುಲಾಬಿ,
ನಮ್ಮಜ್ಜಿಯ ಹೊಲದಲ್ಲಿ ಬೆರಳಿನಂಥದೂ.
ಟೀಚರ್ ಕಲಿತದ್ದಕ್ಕೆ ಚೀಟಿಯಲ್ಲಿ ಕಾಲಂ ಇಲ್ಲ.

ತಾಲೀಮಿನ ಗಂಟೆ ಹೊಡೆದಾಗ
ಹದಿನಾಲ್ಕು ಆಮೆಗಳು ಮೇಜಿನಡಿ ಮುದುಡಿದವು.
ಐದು ದಾಟಿದರೆ ದಾರಿ ತಪ್ಪುವ ಬಾಲ್ದೊಮೇರೊ
ಅಲ್ಲಿಂದಲೇ ಕೂಗಿದ: ಏಳು!
ಮೇಜಿನ ತಳಕ್ಕೆ ಯಾರು ಯಾರೋ ಮೆತ್ತಿಹೋದ
ಚ್ಯೂಯಿಂಗ್ ಗಮ್ಮು, ಕಲ್ಲಿನಂತೆ ಒಣಗಿದ್ದು,
ಒಂದೊಂದನ್ನೂ ಮುಟ್ಟಿ ಎಣಿಸಿದ್ದ.

ನಿನ್ನೆ ರಾತ್ರಿ ನೆಲ ನಿಜವಾಗಿಯೇ ನಡುಗಿತು, ಸ್ವಲ್ಪ.
ಬೆಳಿಗ್ಗೆ ಅವನಮ್ಮ ಬಾಗಿಲಲ್ಲಿ ನಿಂತು ಹೇಳಿದಳು:
ನಮ್ಮನ್ನೆಲ್ಲ ಮೇಜಿನಡಿ ಎಳೆದುಕೊಂಡ,
ಅವನಪ್ಪನನ್ನೂ, ನಾಯಿಯನ್ನೂ.
ಆಮೇಲೆ ಕತ್ತಲಲ್ಲಿ ಮೇಲೆಲ್ಲ ತಡವಿ ತಡವಿ
ಅತ್ತುಬಿಟ್ಟ —
ನಮ್ಮ ಮೇಜಿಗೆ ಎಣಿಸಲು ಏನೂ ಇಲ್ಲವೆಂದು.

ಚೀಟಿಯ ಕೊನೆಯಲ್ಲಿ ಬರೆದಾಗಿತ್ತು:
ಮುಂದಿನ ವಾರದ ಅಂಕಿ, ಎಂಟು.
ಅದನ್ನು ಹೊಡೆದುಹಾಕಿ
ಸೊನ್ನೆ ಎಂದು ಬರೆದೆ.