ಬೀಗರ ನೀರು

ನನಗಿಂತ ಮೊದಲು ನನ್ನ ತವರಿನ ಮಣ್ಣು
ಗಂಡನ ಮನಿ ಸೇರಿತ್ತು.
ಯಾರೂ ಕಳಿಸಿರಲಿಲ್ಲ, ಬುತ್ತಿ ಕಟ್ಟಿರಲಿಲ್ಲ.
ಮ್ಯಾಲ ಅಪ್ಪನ ಹೊಲ, ಕೆಳಗ ಮಾವನ ಹೊಲ,
ನಡುವ ಒಂದು ಹರಕ ಒಡ್ಡು.
ಪ್ರತಿ ಉತ್ತರಿ ಮಳಿಗೆ ಎರಿ ಮಣ್ಣು ಕರಗಿ
ಕಾಡಿಗಿಯಂಥ ನೀರಾಗಿ ಇಳದು ಬರತಿತ್ತು.

ತಾಳಿಕೋಟಿ ಕಚೇರಿಯ ಉತಾರದಾಗ ಎಲ್ಲಾ ಸರಿ ಇತ್ತು:
ಅಪ್ಪನ ಹೆಸರಿಗೆ ಆರು ಎಕರೆ ಹನ್ನೊಂದು ಗುಂಟೆ,
ಅವನು ಸತ್ತ ಮ್ಯಾಲ ಅಣ್ಣ ಗೊಲ್ಲಾಳಪ್ಪನ ಹೆಸರಿಗೆ
ಆರು ಎಕರೆ ಹನ್ನೊಂದು ಗುಂಟೆ.
ಮೋಜಣಿದಾರ ಸರಪಳಿ ಎಳೆದು
ಉದ್ದ ಅಳೆದ, ಅಗಲ ಅಳೆದ.
ಆಳ ಬರೆಯೋ ಕಾಲಂ ಅವನ ಬುಕ್ಕಿನಾಗ ಇರಲಿಲ್ಲ.

ಅಣ್ಣನ ಹೊಲದಾಗ ಕುಂಟಿ ಹೊಡೆದರ
ಗರಸು ಕಟಕಟ ಹಲ್ಲು ಕಡೀತಿತ್ತು.
ಸುಣಕಲ್ಲು ತೇಲಿದ್ದವು, ಯಾರೋ ಚುರಮರಿ ಚೆಲ್ಲಿಧಾಂಗ.
ಜ್ವಾಳ ಮೊಣಕಾಲೆತ್ತರಕ್ಕೇ ತೆನಿ ಬಿಡತಿತ್ತು.
ನಮ್ಮ ಹೊಲದಾಗ ಅದೇ ಬೀಜ, ಅದೇ ಕೂರಿಗಿ,
ಒಳಗ ನಿಂತ ಮನಿಷ್ಯಾ ಕಾಣತಿರಲಿಲ್ಲ.
ಆ ಜ್ವಾಳದ ರೊಟ್ಟಿ ಬಡೀವಾಗ ನನಗ ಗೊತ್ತಿತ್ತು
ನಾ ಯಾರದು ತಿನ್ನಾಕತ್ತೀನಿ ಅಂತ.
ಗೊತ್ತಿದ್ದೂ ತಿಂದೆ.
ಹನ್ನೆರಡು ವರ್ಷ.

ಬ್ಯಾಸಗಿಯಾಗ ಅಣ್ಣ ಬಂದ,
ಹೆಗಲ ಮ್ಯಾಲ ಕನ್ನಡಿಯಂಥ ಪೈಪಿನ ಸುರುಳಿ.
"ಒಡ್ಡು ಹಾಕತೀನಿ. ಮಟ್ಟ ನೋಡಾಕ
ಇನ್ನೊಂದು ತುದಿ ಹಿಡಿಯೋರು ಬೇಕು.
ನಿಮ್ಮ ವೈನಿಗೆ ದಿನ ತುಂಬ್ಯಾವ."
ಮಾವ ಕಟ್ಟಿ ಮ್ಯಾಲ ಕೂತು ಎಲಿಗೆ ಸುಣ್ಣ ಹಚ್ಚತಿದ್ದ.
"ಬರೋ ಲಕ್ಷ್ಮಿಗೆ ಬಾಗಿಲಾ ಹಾಕಾಕ ಹೊಂಟೀಯೇನು, ನೀಲಗಂಗಾ?"
ಇವರು ಏನೂ ಅನ್ನಲಿಲ್ಲ.
ನನ್ನ ಬುಟ್ಟಿಯ ಕಿವಿ ಹರಿದಿತ್ತು,
ಹೊಲಿದು ಕೊಟ್ಟರು.

ಆ ತುದಿ ಅಣ್ಣನ ಕೈಯಾಗ, ಈ ತುದಿ ನನ್ನ ಕೈಯಾಗ,
ನಡುವ ಇಪ್ಪತ್ತು ಮಾರು ಬಿಸಲು.
"ಇನ್ನೊಂದು ಹೆಜ್ಜಿ ಮ್ಯಾಲ. ತುಸು ಕೆಳಗ."
ನೀರು ಜೋಲಿ ಹೊಡೀತು, ನಡುಗಿತು, ನಿಂತಿತು:
ಅವನ ಎದಿಗೆ ಎಲ್ಲಿತ್ತೋ ನನ್ನ ಎದಿಗೂ ಅಲ್ಲೇ.
"ಅಲಗಬ್ಯಾಡ" ಅಂದ. ಗೂಟ ಬಡದೆವು.
ಸಣ್ಣವರಿದ್ದಾಗ ಜಗಳಾಡಿದ್ದೂ
ಒಂದೇ ಹಗ್ಗದ ಎರಡು ತುದಿ ಹಿಡದೇ.

ಹದಿನೇಳು ದಿನ.
ನೆಟ್ಟಗ ಹೋಗಾಕ ನೋಡಿದಲ್ಲೆಲ್ಲಾ ತಪ್ಪಿದೆವು,
ಗೂಟದಿಂದ ಗೂಟಕ್ಕ ಹೊಲ
ತನ್ನ ಮೈಯ ಬಾಗು ತಾನೇ ತೋರಿಸಿತು.
ಕೋಡಿಗೆ ಚಪ್ಪಡಿ ಕಲ್ಲು, ಒಡ್ಡಿನ ನೆತ್ತಿಗೆ ಲಾವಂಚದ ಬುಡ,
ಒಳಗ ಚೌಕುಮಡಿ,
ಅಂಗಳದಾಗ ಹುಡುಗರು ಕುಂಟಬಿಲ್ಲಿಗೆ ಗೆರಿ ಕೊರದಾಂಗ.

ಉತ್ತರಿ ರಾತ್ರಿಗೇ ಬಂತು.
ಮೂರನೇ ಒಡ್ಡು ಬಾಯಿ ಬಿಡ್ತು,
ಹೆಗ್ಗಣದ ಬಿಲ, ನಾವು ನೋಡಿರಲಿಲ್ಲ.
ಅಣ್ಣ ಒದರಿದ್ದು ಕೇಳಿ ಓಡಿದೆ.
ತೂತಿಗೆ ಚೀಲ, ಚೀಲದ ಮ್ಯಾಲ ಕಲ್ಲು,
ಕಲ್ಲಿನ ಮ್ಯಾಲ ನಾನು ಕೂತೆ, ಬೆಳಕು ಹರಿಯೂತನ.
ಬೆನ್ನಿಗೆ ನೀರು ಒರಗಿತ್ತು,
ದಿನ ತುಂಬಿದವಳ ಹಾಂಗ ಭಾರಾಗಿ.

ಮುಂಜಾನೆ ಕೋಡಿ ದಾಟಿ ನಮ್ಮ ಹೊಲಕ ಬಂದ ನೀರು
ತಿಳಿ ಇತ್ತು.
ಮಾವ ಬೊಗಸಿಯಾಗ ಎತ್ತಿ ನೋಡಿದ,
ತನ್ನ ಅಂಗೈ ಗೆರಿ ಕಂಡ.
"ಈ ವರ್ಷ ಬೀಗರು ಬರಿಗೈಲೆ ಬಂದಾರ"
ಅಂದು ಚೆಲ್ಲಿದ.
ಎಳ್ಳ ಅಮಾಸಿತನ ನನ್ನ ಕೂಡ ಮಾತಿಲ್ಲ.

ಚರಗ ಚೆಲ್ಲಾಕ ಎಲ್ಲಾರೂ ಹೊಲಕ ಹೋದೆವು.
ಸಜ್ಜಿ ರೊಟ್ಟಿ ಗಂಟು ಬಿಚ್ಚೂದ್ರಾಗ
ಮಾವ ಕೊಡ ತಗೊಂಡು ಬಾವಿಗೆ ಇಳದ.
ಪ್ರತಿ ವರ್ಷ ಆ ಹೊತ್ತಿಗೆ
ಹತ್ತೊಂಬತ್ತನೇ ಮೆಟ್ಟಲಕ್ಕ ಸಿಗೋ ನೀರು
ಹನ್ನೊಂದಕ್ಕೇ ಅವನ ಕಾಲು ಹಿಡೀತು.
ನಿಂತ.
ಮತ್ತ ಮ್ಯಾಲ ಹತ್ತಿದ,
ಒಂದೊಂದಾಗಿ ಎಣಿಸಕೋತ ಇಳದ.

ಚರಗದ ಮೊದಲ ತುತ್ತು
ಅವನು ಯಾವ ದಿಕ್ಕಿಗೆ ಚೆಲ್ಲಿದ,
ನಾ ನೋಡಲಿಲ್ಲ.
ನೋಡಿದೆ.
ಹೇಳಾಂಗಿಲ್ಲ.