ಲಹೇವಾದ ಸುಣ್ಣ

ಗರಗಸ ಹಿಡಿಯುವುದು ನನ್ನ ಕೆಲಸ.
ಸಿಬೋಲ್ಗಾ ಬಂದರಿನಲ್ಲಿ ದೋಣಿ ಎಂಜಿನ್ ಬಿಚ್ಚಿ ಕಟ್ಟುತ್ತಿದ್ದವನನ್ನು
ಇಮಾಸ್ ಮೇಡಂ ಕರೆತಂದರು ಈ ನಿಯಾಸ್ ದ್ವೀಪಕ್ಕೆ.
ಕಲ್ಲು ಕೊಯ್ಯಬೇಕು, ಎಂದರು, ಬೆಣ್ಣೆ ಕೊಯ್ದ ಹಾಗೆ,
ಒಂದು ವರ್ಷವೂ ಮುಕ್ಕಾಗಬಾರದು.

ಕಲ್ಲಲ್ಲ ಅದು. ಹವಳ.
ಬೀಸುಕಲ್ಲಿನಂತೆ ದುಂಡಗೆ, ನೆತ್ತಿ ಚಪ್ಪಟೆ.
ನೀರಿರುವಷ್ಟೇ ಎತ್ತರ ಬೆಳೆಯುತ್ತದೆ;
ಇಳಿತದ ದಿನ ಬಿಸಿಲು ಬಡಿದರೆ ನೆತ್ತಿ ಸಾಯುತ್ತದೆ,
ಆಮೇಲೆ ಪಕ್ಕಕ್ಕೆ, ಪಕ್ಕಕ್ಕೆ ಮೈ ಅಗಲಿಸುತ್ತದೆ
ತಗ್ಗು ಮಾಡಿನ ಮನೆಯಲ್ಲಿ ಬಾಳಿದವರಂತೆ.
ನೆಲ ಕುಸಿದರೆ ಮತ್ತೆ ಅಂಚು ಎತ್ತುತ್ತದೆ.

ಇದು ಎತ್ತಲಿಲ್ಲ.
ಎರಡು ಸಾವಿರದ ಐದರ ಮಾರ್ಚ್, ರಾತ್ರಿ ಹನ್ನೊಂದಾಗಿತ್ತಂತೆ,
ದ್ವೀಪದ ಈ ಮಗ್ಗುಲು, ಮಲಗಿದ್ದ ಎಮ್ಮೆಯ ಹಾಗೆ, ಎದ್ದು ನಿಂತಿತು.
ಬೆಳಿಗ್ಗೆ ನೋಡಿದರೆ ಸಮುದ್ರ ದೂರದಲ್ಲಿತ್ತು.
ವಾಪಸು ಬರುತ್ತದೆಂದು ಎಲ್ಲರೂ ಗುಡ್ಡ ಹತ್ತಿ ಕಾದರು.
ಬರಲಿಲ್ಲ.
ಎರಡು ವಾರ ಹವಳ ಬಿಸಿಲಲ್ಲಿ ನಾರಿತು,
ಆಮೇಲೆ ಬೆಳ್ಳಗಾಯಿತು, ಆಮೇಲೆ ಕಪ್ಪಗೆ.
ಈಗ ಅದರ ಮೇಲೆ ಹಂದಿಗಳು ಓಡಾಡುತ್ತವೆ.

ಎಷ್ಟು ಎದ್ದಿತು?
ಹವಳದ ನೆತ್ತಿ ಒಂದು ಸಾಕ್ಷಿ. ಇನ್ನೊಂದು ಬೇಕು ಎಂದರು ಮೇಡಂ,
ಒಬ್ಬರದೇ ಮಾತು ನಂಬುವ ಕಸುಬಲ್ಲ ಇದು.
ಇನ್ನೊಂದು ಸಾಕ್ಷಿ ಇದ್ದದ್ದು ಇನಾ ಫಾತಿಯ ಸೊಂಟದಲ್ಲಿ.

ಇನಾ ಫಾತಿ ಅಂದರೆ ಫಾತಿಯ ತಾಯಿ.
ಚೊಚ್ಚಲು ಹುಟ್ಟಿದ ದಿನ ಇಲ್ಲಿ ಹೆಂಗಸಿನ ಹಳೆಯ ಹೆಸರು ಉದುರುತ್ತದೆ.
ಇದೇ ದಿಬ್ಬದಲ್ಲಿ ಕಬ್ಬಿಣದ ಕೊಕ್ಕೆ ಹಿಡಿದು
ಮೂವತ್ತು ವರ್ಷ ಆಕ್ಟೋಪಸ್ ಎಳೆದವಳು.
"ಅಮಾವಾಸ್ಯೆಯ ಇಳಿತಕ್ಕೆ ಈ ಕಲ್ಲಿನ ಪಕ್ಕ ನಿಂತರೆ
ನೀರು ಇಲ್ಲಿಗೆ," ಎಂದು ಲುಂಗಿಯ ಗಂಟು ಮುಟ್ಟಿದಳು.
ಮೇಡಂ ಟೇಪು ಹಿಡಿದರು.
"ಆಗ ನಾನು ಇನ್ನೂ ಎತ್ತರ ಇದ್ದೆ. ಅದನ್ನೂ ಬರೆದುಕೋ."
ಬರೆದುಕೊಂಡರು: ಸೊಂಟ, ಎಂಬತ್ತೊಂಬತ್ತು ಸೆಂಟಿಮೀಟರ್,
ಹೆಚ್ಚು ಕಡಿಮೆ ನಾಲ್ಕು.

ಗರಗಸ ಚಾಲೂ ಮಾಡಿದೆ.
ಹಲ್ಲು ಜುಮ್ಮೆನ್ನುವ ಸದ್ದು, ಮೊಣಕಾಲವರೆಗೆ ಬಿಳಿ ಕೆಸರು.
ಹಲಗೆ ಕಳಚಿ ಬಂತು.
ಒದ್ದೆ ಬಟ್ಟೆಯಿಂದ ಒರೆಸಿದರೆ ಒಳಗೆಲ್ಲ ಪಟ್ಟಿ,
ಒಂದು ತಿಳಿ, ಒಂದು ಕಂದು, ವರ್ಷಕ್ಕೊಂದು ಜೋಡಿ.
ಎಕ್ಸ್‌ರೇ ಆಗದೆ ಏನೂ ಹೇಳಬಾರದು, ಎಂದರು ಮೇಡಂ.
ಇನಾ ಫಾತಿ ಕೇಳಿಸಿಕೊಳ್ಳಲಿಲ್ಲ.
"ಹೊರಗಿನಿಂದ ಒಳಕ್ಕೆ ಒಂಬತ್ತು ಎಣಿಸು."

ಪೆನ್ಸಿಲಿನ ತುದಿ ಒಂದು ಪಟ್ಟಿಯ ಮೇಲೆ ನಿಂತಿತು,
ನನ್ನ ಹೆಬ್ಬೆರಳ ಉಗುರಿನಷ್ಟು ಅಗಲ. ಒಳ್ಳೆಯ ವರ್ಷ.
ಅವಳು ಅದರ ಮೇಲೆ ಬೆರಳಿಟ್ಟಳು.
ಹಂದಿಯೊಂದು ಬಂದು ಕೆಸರು ಮೂಸಿತು;
ಇನ್ನೊಂದು ಕೈಯಿಂದ ಅದನ್ನು ಓಡಿಸಿದಳು.

ಫಾತಿಗೆ ಆಗ ಒಂಬತ್ತು, ಚರ್ಚಿನ ಪಕ್ಕದ ಗೋಡೆ, ಎಂದು
ದೋಣಿಯವನು ನನಗೆ ಆಮೇಲೆ ಹೇಳಿದ.
ಮೇಡಂಗೆ ಹೇಳಬೇಡ ಎಂದ. ಅವರಿಗೆ ಗೊತ್ತಾಗಿತ್ತು.
ಆ ದಿನದ ಪುಸ್ತಕದಲ್ಲಿ ಒಂಬತ್ತನೆಯ ಪಟ್ಟಿಯ ಎದುರು
ಅಳತೆ ಇದೆ, ಷರಾ ಇಲ್ಲ.

ಸಂಜೆ ಕೇಳಿದಳು: ನೆಲ ಮತ್ತೆ ಯಾವಾಗ ಇಳಿಯುತ್ತದೆ?
ಮೇಡಂ ಅಂಗೈ ಮೇಲೆ ಅಂಗೈ ಇಟ್ಟು ತೋರಿಸಿದರು:
ಕೆಳಗಿನದು ನುಗ್ಗುತ್ತದೆ, ಮೇಲಿನದು ಕಚ್ಚಿಕೊಳ್ಳುತ್ತದೆ,
ಇಳಿಯುತ್ತಲೇ ಇದೆ, ಕಣ್ಣಿಗೆ ಕಾಣದಷ್ಟು,
"ನಿಮ್ಮ ಮೊಮ್ಮಕ್ಕಳ ಕಾಲಕ್ಕೆ..."
ಅಲ್ಲಿಗೆ ನಾಲಿಗೆ ಕಚ್ಚಿಕೊಂಡರು.
ಇನಾ ಫಾತಿ ನಕ್ಕಳು. "ಹೇಳು, ಹೇಳು.
ಊರಲ್ಲಿ ಯಾರಿಗಾದರೂ ಇರುತ್ತಾರೆ."

ಆಮೇಲೆ ಚೀಲ ಬಿಚ್ಚಿದಳು. ವೀಳ್ಯದೆಲೆ, ಅಡಿಕೆ ಚೂರು,
ಹಾಲಿನ ಡಬ್ಬದಲ್ಲಿ ಸುಣ್ಣ.
ಯಾವ ಚಿಪ್ಪು ಸುಟ್ಟದ್ದು? ಎಂದೆ.
ಗದ್ದ ಎತ್ತಿ ದಿಬ್ಬದ ಕಡೆ ತೋರಿಸಿದಳು.
ಸತ್ತು ಸುಮ್ಮನೆ ಬಿದ್ದಿತ್ತಲ್ಲ,
ಹತ್ತು ವರ್ಷದಿಂದ ಊರಿನ ಬಾಯಿ ಕೆಂಪಾಗಿರುವುದು ಅದರಿಂದಲೇ.

ಮೇಡಂ ಮುಖ ಒಂದು ಕ್ಷಣ ಸಪ್ಪಗಾಯಿತು,
ಯಾವ ಯಾವ ಶತಮಾನ ಬೆಂದುಹೋಯಿತೋ ಎಂದು.
ಆಮೇಲೆ ಎಲೆಗೆ ಕೈ ಚಾಚಿದರು.

ಸುಣ್ಣ ಹೆಚ್ಚಾಗಿತ್ತು.
ನನ್ನ ನಾಲಿಗೆ ಮೂರು ದಿನ ಉರಿಯಿತು.