ಬೆಕ್ಕಿನ ಮರ

ಮೊದಲು ಮರದ ಕೈ ಕುಲುಕಿ, ಅನ್ನುತ್ತೇನೆ ಬಂದವರಿಗೆಲ್ಲ.
ಚುಚ್ಚಿದರೆ ಸ್ಪ್ರೂಸ್. ಸುಮ್ಮನಿದ್ದರೆ ಫರ್.
ಸೂಜಿ ಕಂತೆ ಕಟ್ಟಿಕೊಂಡಿದ್ದರೆ ಪೈನ್:
ಎರಡೆರಡಿದ್ದರೆ ಸ್ಕಾಟ್ಸ್,
ಐದೈದಿದ್ದರೆ ಬಿಳಿಯದು. ಅದಕ್ಕೆ ಭಾರದ ಗೊಂಬೆ ನೇತುಹಾಕಬೇಡಿ,
ಬೈಸಿಕೊಂಡ ಹುಡುಗನ ಹಾಗೆ ತಲೆ ತಗ್ಗಿಸುತ್ತದೆ.

ಮೇನ್ ರಾಜ್ಯದ ಈ ತುದಿಯಲ್ಲಿ, ಮಚಾಯಸ್ ಊರಾಚೆ
ಪೆಟ್ರೋಲ್ ಬಂಕಿನ ಪಕ್ಕ, ಹಗ್ಗಕ್ಕೆ ಕಟ್ಟಿದ ಬಲ್ಬುಗಳ ಕೆಳಗೆ
ಹನ್ನೊಂದು ಡಿಸೆಂಬರು ನಿಂತಿದ್ದೇನೆ.
ಅರ್ಮಾಂಡ್ ಮಾವನ ಕೋಟು, ನನ್ನದೇ ಮೂಗಿನ ನೀರು.

ಒಂದು ಸೂಜಿ ಕಿತ್ತು ಬೆರಳುಗಳ ನಡುವೆ ಹೊರಳಿಸಿ.
ಉರುಳಿದರೆ ಅದಕ್ಕೆ ನಾಲ್ಕು ಮೂಲೆ, ಸ್ಪ್ರೂಸ್.
ಮೊಂಡು ಹಿಡಿದರೆ ಚಪ್ಪಟೆ, ಫರ್;
ಮಗುಚಿ ನೋಡಿ, ಹೊಟ್ಟೆಯ ಮೇಲೆ ಎರಡು ಬಿಳಿ ಗೆರೆ,
ಯಾರೋ ಸೀಮೆಸುಣ್ಣದಲ್ಲಿ ಲೆಕ್ಕ ಬರೆಯಲು ಹೊರಟು
ಮರೆತು ಹೋದಂತೆ.
ಕಾಯಿ ಆಕಾಶ ನೋಡಿದರೆ ಫರ್, ನೆಲ ನೋಡಿದರೆ ಸ್ಪ್ರೂಸ್,
ಅದು ಪುಸ್ತಕದವರ ಮಾತು.
ನಾವು ಕಡಿಯುವ ವಯಸ್ಸಿಗೆ ಮರಕ್ಕೆ ಕಾಯಿ ಎಲ್ಲಿಂದ ಬರಬೇಕು!

ಎಲ್ಡನ್ ಬೀಲ್ ಬಂದದ್ದು ಮಂಗಳವಾರ, ಕತ್ತಲಾಗುವ ಹೊತ್ತು,
ಅಂದರೆ ಮೂರೂಮುಕ್ಕಾಲು.
ಲಾಬ್‌ಸ್ಟರ್ ಬಲೆ ಎಳೆದ ಕೈ, ಗ್ಲೌಸಿಲ್ಲ.
"ಮರ ಯಾವಾಗಲೂ ಲಿಯೋನಾಳೇ ತರುತ್ತಿದ್ದಳು" ಅಂದ,
ಕನ್ನಡಕದ ಡಬ್ಬಿ ತೆರೆದ.
ಒಳಗೆ ಮೂರು ಒಣ ಸೂಜಿ,
ಅವಳು ಹೋದ ಮೇಲೆ, ಜುಲೈಯಲ್ಲಿ, ಕಾರ್ಪೆಟ್ಟಿನಿಂದ ಆರಿಸಿದ್ದು.
"ಇದೇ ಬೇಕು. ಫ್ರೇಸರ್ ಫರ್ ಅನ್ನುತ್ತಿದ್ದಳು.
ಅರವತ್ತೈದು ಡಾಲರ್."

ಒಂದನ್ನು ತೆಗೆದು ಹೊರಳಿಸಿದೆ.
ಉರುಳಿತು.
ಇನ್ನೊಂದು. ಅದೂ ಉರುಳಿತು.

ಕಾಡು ಸ್ಪ್ರೂಸ್. ನಮ್ಮ ಕಡೆ ಬೆಕ್ಕಿನ ಸ್ಪ್ರೂಸ್ ಅಂತಲೇ ಹೆಸರು.
ಚಳಿಯಲ್ಲಿ ಬಲು ಸಭ್ಯ;
ಮನೆಯೊಳಗೆ ಒಲೆ ಹತ್ತಿದರೆ ಬೆಕ್ಕು ಉಚ್ಚೆ ಹೊಯ್ದ ವಾಸನೆ.
ಯಾರೂ ಬೆಳೆಸುವುದಿಲ್ಲ, ಶೆಡ್ಡಿನ ಹಿಂದೆ ತಾನಾಗಿ ಹುಟ್ಟುತ್ತದೆ.
ಕೇಳಿದವರಿಗೆ ಮಾವ ಹತ್ತು ಡಾಲರಿಗೆ ಕೊಡುತ್ತಿದ್ದ.
ಕೇಳುತ್ತಿದ್ದವಳು ಒಬ್ಬಳೇ, ನೀಲಿ ಸ್ಕಾರ್ಫಿನವಳು:
"ಬೋಳು ಕಡೆ ಗೋಡೆಗೆ ತಿರುಗಿಸಿದರಾಯಿತು ಬಿಡು."
ಹೆಸರು ನಾನು ಕೇಳಿರಲಿಲ್ಲ.

ಅರವತ್ತೈದರಲ್ಲಿ ಹತ್ತು ಕಳೆದರೆ ಐವತ್ತೈದು.
ವರ್ಷಕ್ಕೊಮ್ಮೆ. ಎಷ್ಟು ವರ್ಷ?
ಏನಾಯಿತೋ ಆ ದುಡ್ಡು.
ಲೆಕ್ಕ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.
ಫ್ರೇಸರ್‌ಗಳು ಸಾಲಾಗಿ ನಿಂತಿದ್ದವು,
ಒಂದನ್ನು ಬಲೆಯಲ್ಲಿ ಸುತ್ತಿ ಕೊಟ್ಟಿದ್ದರೆ
ಅವನಿಗೆ ತಿಳಿಯುತ್ತಿರಲಿಲ್ಲ, ನನಗೂ ಲಾಭ.

"ಒಂದು ಮಾತು. ಮನೆಯಲ್ಲಿ ಬೆಕ್ಕಿದೆಯೆ?"
"ಇತ್ತು. ಪಿಕಲ್ ಅಂತ. ಸತ್ತು ಆರು ವರ್ಷ.
ಆದರೂ ಪ್ರತಿ ಡಿಸೆಂಬರ್ ವಾಸನೆ ಬರೋದು, ಕಾರ್ಪೆಟ್ಟಿಂದ.
ಸೋಪು, ವಿನೆಗರ್, ಏನು ಹಾಕಿ ಉಜ್ಜಿದರೂ ಅಷ್ಟೆ.
ಹಬ್ಬಕ್ಕೆ ಬಂದಿದ್ದಾನೆ ಬಿಡಿ, ಎರಡು ವಾರ ಇದ್ದು ಹೋಗ್ತಾನೆ,
ಅನ್ನುತ್ತಿದ್ದಳು."

ಗರಗಸ ತೆಗೆದುಕೊಂಡು ಶೆಡ್ಡಿನ ಹಿಂದಕ್ಕೆ ನಡೆದೆ.
ಮೊಣಕಾಲುದ್ದ ಹಿಮ. ಹಿಂದೆ ಅವನು, ಅವನ ಟಾರ್ಚು.
ಎಡಕ್ಕೆ ವಾಲಿದ್ದು ಒಂದಿತ್ತು,
ಒಂದು ಕಡೆ ಪೂರ್ತಿ ಬೋಳು.
"ಕೈ ಕುಲುಕಿ" ಅಂದೆ.
ಕುಲುಕಿದ. ಚುಚ್ಚಿತು.
ತುಂಬ ಹೊತ್ತು ಬಿಡಲಿಲ್ಲ.

"ಎಷ್ಟು?"
ಅವಳ ಮಾತು ಉಳಿಸಬೇಕಾದರೆ ಅರವತ್ತೈದು,
ಮಾವನದಾದರೆ ಹತ್ತು.
"ಹಬ್ಬ ಕಳೆದ ಮೇಲೆ ಕೊಡಿ" ಅಂದೆ,
"ಅಲ್ಲಿಯವರೆಗೆ ಕಾರ್ಪೆಟ್ ಉಜ್ಜೋಕೆ ಹೋಗಬೇಡಿ."